ಹೂ ಬಿಟ್ಟ ಬಳ್ಳಿಗೆ ಕತ್ತರಿ

೧೨ ನವೆಂಬರ್ ೧೯೯೧, ಮಂಗಳವಾರ. ಅಥಣಿ.

ಈ ಮನೆಗೆ ನಾನೇ ಹಿರಿಯಳು. ಹೈಸ್ಕೂಲು ಓದಿದವಳು. ಯಜಮಾನರು ಹೋದ ಮೇಲೆ ದ್ರಾಕ್ಷಿ ತೋಟದ ಕೆಲಸವೆಲ್ಲ ನನ್ನ ಮಾತಿನಂತೆಯೇ ನಡೆದಿದೆ. ಹೂ ಬಿಟ್ಟ ಬಳ್ಳಿ ನಮಗೆ ಬಸುರಿಯ ಸಮಾನ. ಕತ್ತರಿಸುವುದೆಲ್ಲ ಚಿಗುರುವ ಮೊದಲೇ; ಹೂ ಬಿಟ್ಟ ಮೇಲೆ ಅದಕ್ಕೆ ಯಾರೂ ಕತ್ತರಿ ತಾಗಿಸಿದವರಲ್ಲ.

ನಿನ್ನೆಯ ಆಣೆಕಲ್ಲು ಮಳೆಗೆ ಚಿಗುರು, ಹೂವು ಎಲ್ಲ ಮುರಿದು ಜೋತುಬಿದ್ದಿವೆ. ಬೆಳಿಗ್ಗೆ ತೋಟಗಾರಿಕೆ ಸಾಹೇಬರು ಬಂದು, "ನುಕಸಾನ ರಿಕೂಪ್ ಮಾಡಬೇಕಂದ್ರ ಎಲ್ಲಾ ಬಳ್ಳಿ ಮತ್ತೊಮ್ಮೆ ಕತ್ತರಿಸ್ರಿ, ಹೊಸಾ ಚಿಗುರು ಬರತಾವ" ಎಂದರು. ಆ ಇಂಗ್ಲಿಷ್ ಮಾತಿನ ಅರ್ಥವನ್ನು ಅವರೆದುರು ಕೇಳಲು ಮನಸ್ಸು ಒಪ್ಪಲಿಲ್ಲ. ಅವರು ಹೋದ ಮೇಲೆ ಸೊಸೆ ವತ್ಸಲಾಳನ್ನು ಕೇಳಿದೆ.

ಡಿಕ್ಷನರಿ ತೆರೆದು ಹೇಳಿದಳು: "ಕಳಕೊಂಡಿದ್ದು ತುಂಬಿಕೊಳ್ಳೂದ್ರಿ ಅತ್ತಿಯಾರ. ಫ್ರೆಂಚ್‌ದಿಂದ ಬಂದೈತಿ. ಮೂಲದಾಗ ಮತ್ತ ಕಡಿಯೂದು ಅಂತ. ಕೊಡೂ ರೊಕ್ಕದಾಗ ತಮ್ಮ ಪಾಲು ಕಡದು ಉಳಿಸಿಕೊಳ್ಳೂದಕ್ಕ ಕೋರ್ಟಿನ್ಯಾಗ ಅಂತಿದ್ರಂತ."

"ಕಡಿಯೂದಕ್ಕ ತುಂಬಿಕೊಳ್ಳೂದು ಅಂತಾರ? ಬುದ್ಧಿ ನೆಟ್ಟಗೈತೇನ ಅವರದು?"

"ಪುಸ್ತಕದಾಗ ಹಂಗ ಐತ್ರಿ. ನನ್ನ ಮ್ಯಾಲ್ಯಾಕ ಸಿಟ್ಟು?"

ಮಧ್ಯಾಹ್ನ ಊಟ ಸೇರಲಿಲ್ಲ. ಯಾವುದೋ ದೇಶದವರ ಮಾತು ನನ್ನ ತೋಟಕ್ಕೇ ಬಂದು ನಿಂತಂತಾಗಿದೆ. ಹೀಗೇ ಬಿಟ್ಟರೆ ಗಾಯಕ್ಕೆ ರೋಗ ತಗಲಿ ಬಳ್ಳಿಯೇ ಹೋಗುತ್ತದೆ, ಇದು ನನಗೂ ಗೊತ್ತು. ಆದರೂ ಹೂವಿದ್ದ ಬಳ್ಳಿ...

ಕಡಿಯಲು ಹೇಳಿದ್ದರೂ ಆಳು ಲಗಮಣ್ಣ ಕತ್ತರಿ ಹಿಡಿದು ಸಾಲಿನ ನಡುವೆ ನಿಂತೇ ಇದ್ದ. "ಅವ್ವಾರ, ನನ್ನ ಕೈ ಏಳವಲ್ದ್ರಿ."

"ನಿನ್ನ ಕೈ ಯಾರು ಕೇಳ್ಯಾರಲೇ? ಕತ್ತರಿ ಕೊಡ ಇಲ್ಲೆ."

ಬಾವಿಯ ಕಡೆಯ ಸಾಲನ್ನು ನಾನೇ ಕಡಿದೆ. ಉಳಿದದ್ದನ್ನು ಆಳುಗಳು ಕಡಿದರು. ಹೊತ್ತು ಮುಳುಗುವುದರೊಳಗೆ ತೋಟ ಬೋಳಾಯಿತು.