ಮಾಳವ್ವನ ಹಾಲುಹಲ್ಲು

ಬಬಲೇಶ್ವರ, ೨೧ ಆಗಸ್ಟ್ ೧೯೬೨, ಮಂಗಳವಾರ

ಇವತ್ತು ಆ ಪತ್ರಿಕೆಯನ್ನು ಓದಬಾರದಿತ್ತು. ಬಾಂಬು ಪರೀಕ್ಷೆಯ ಧೂಳು ದೇಶಗಳನ್ನು ದಾಟಿ ಮಳೆಯೊಂದಿಗೆ ಇಳಿಯುತ್ತದಂತೆ. ಹುಲ್ಲಿಗೆ, ಹಾಲಿಗೆ, ಕೊನೆಗೆ ಮಕ್ಕಳ ಎಲುಬಿಗೆ ಸೇರುತ್ತದಂತೆ. ಅಮೆರಿಕದ ವಿಜ್ಞಾನಿಗಳು ಉದುರಿದ ಹಾಲುಹಲ್ಲುಗಳಲ್ಲೇ ಅದನ್ನು ಕಂಡಿದ್ದಾರೆ. ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಸುಳ್ಳೆನ್ನಲು ಬಾಯಿ ಬರಲಿಲ್ಲ.

ಸಂಜೆ ಮಗಳು ಮಾಳವ್ವನ ಮುಂದಿನ ಹಲ್ಲು ಬಿತ್ತು. ನನ್ನ ಅವ್ವ ಅದನ್ನು ಸಗಣಿ ಉಂಡೆಯಲ್ಲಿಟ್ಟು, ಮಾಳಿಗೆ ಮೇಲೆ ಎಸೆ ಎಂದು ಅವಳ ಕೈಗೆ ಕೊಡುತ್ತಿದ್ದಳು. ನಾನು ಕಸಿದುಕೊಂಡೆ.

“ಕೊಡೋ ತಮ್ಮಾ, ಮಾಳಿಗಿ ಮ್ಯಾಲ ಒಗೀಲಿಲ್ಲಂದ್ರ ಹೊಸಾ ಹಲ್ಲ ಬರೂದಿಲ್ಲ,” ಎಂದಳು ಅವ್ವ.

ಮಾಳವ್ವ ಅತ್ತೇಬಿಟ್ಟಳು. “ಯಪ್ಪಾ, ನನಗ ಹಲ್ಲ ಬರೂದಿಲ್ಲೇನು?”

ಹಲ್ಲನ್ನು ತೊಳೆದು ಕಂದೀಲಿನ ಬೆಳಕಿಗೆ ಹಿಡಿದೆ. ಬೆಳ್ಳಗೆ, ಚೊಕ್ಕಟವಾಗಿತ್ತು. ವಿಷವಿದ್ದರೂ ಹೀಗೇ ಇರುತ್ತದೆಂದು ಹೊಳೆಯಿತು. ಮಾಳವ್ವನಿಗೇ ಕೊಟ್ಟುಬಿಟ್ಟೆ. ಮಾಳಿಗೆ ಮೇಲೆ ಎಸೆದು ನಕ್ಕಳು.

ಮಲಗುವಾಗ ಅವ್ವ, “ಕುಡಿ, ಹಲ್ಲ ಗಟ್ಟಿ ಬರತಾವ,” ಎಂದು ಅವಳಿಗೆ ವಾಟಗದ ತುಂಬ ಹಾಲು ಕುಡಿಸಿದಳು. ಬೇಡವೆನ್ನಲು ಎದ್ದವನು ಕೂತೆ. ಮತ್ತೇನು ಕುಡಿಸುವುದು? ಬಾವಿಯದೂ ಮಳೆನೀರೇ.

ಈ ಮಳೆಗಾಗಿ ಊರೆಲ್ಲ ಕಾದಿತ್ತು. ಈಗ ಮಾಳಿಗೆಯ ಮೇಲೆ ಹನಿ ಬೀಳುತ್ತಿದೆ, ಆ ಹಲ್ಲಿನ ಮೇಲೂ.