ಆ ಒಂದು ಸಂಖ್ಯೆಯನ್ನು ತೆಗೆದುಬಿಡು ಎಂದಿರಲ್ಲ

ಸಂಶೋಧನಾ ಪದವಿ ಸಮಿತಿಯ ಅಧ್ಯಕ್ಷರೇ,

ನನ್ನ ಪ್ರಬಂಧವನ್ನು ನೀವು ಹಿಂದಿರುಗಿಸಿದ್ದೀರಿ. ಅದರಲ್ಲಿ ಒಂದು ತಪ್ಪೂ ಸಿಗದ ಸಿಟ್ಟಿಗೆ ಇರಬೇಕು. ನಿಮ್ಮ ಕೊಠಡಿಯ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ನೀವು ಹೇಳಿದ್ದು ಇಷ್ಟು: "ನೋಡಮ್ಮಾ, ಆ ಒಂದು ಸಂಖ್ಯೆ ತೆಗೆದುಬಿಡು. ಮಿಕ್ಕಿದ್ದೆಲ್ಲ ಚೆನ್ನಾಗಿದೆ. ನಾಳೆನೇ ಸಹಿ ಹಾಕ್ತೀನಿ."

ಈ ಬಹಿರಂಗ ಪತ್ರ ಓದುವವರಿಗೂ ವಿಷಯ ತಿಳಿಯಲಿ. ನನಗೆ ಮಾರ್ಗದರ್ಶನ ಮಾಡಿದ ಮೇಷ್ಟ್ರು, ನಿಮಗೂ ಗುರುಗಳೇ, ಯೌವನದಲ್ಲಿ ಒಂದು ಸಂಖ್ಯಾಶ್ರೇಣಿ ಕಂಡುಕೊಂಡರು. ಅದರಲ್ಲಿ ಬರುವುದೆಲ್ಲ ಒಡೆಯಲಾಗದ ಅವಿಭಾಜ್ಯ ಸಂಖ್ಯೆಗಳೇ ಎಂಬುದು ಅವರ ಊಹೆ. ಸಾಬೀತಾಗಲಿಲ್ಲ, ಆದರೂ ಗಾಜಿನ ಚೌಕಟ್ಟು ಹಾಕಿಸಿಕೊಂಡು ಗಣಿತ ವಿಭಾಗದ ಗೋಡೆ ಏರಿತು. ನೀವು ಕಂಪ್ಯೂಟರಿನಲ್ಲಿ ಸಾವಿರಾರು ಸಂಖ್ಯೆ ಪರೀಕ್ಷಿಸಿ, ಎಲ್ಲವೂ ಸರಿ ಎಂದು ಬರೆದು ಪದವಿ ಪಡೆದಿರಿ. ನಾನು ಅದೇ ಲೆಕ್ಕವನ್ನು ಇನ್ನಷ್ಟು ಮುಂದಕ್ಕೆ ಓಡಿಸಿದೆ. ಒಂದು ಸಂಖ್ಯೆ ಎರಡಾಗಿ ಒಡೆಯಿತು. ಅಷ್ಟೇ ನನ್ನ ಅಪರಾಧ.

"ಕಂಪ್ಯೂಟರ್ ಪ್ರಯೋಗ ಗಣಿತವಲ್ಲ" ಎಂದು ಷರಾ ಬರೆದಿದ್ದೀರಿ. ಅಲ್ಲ ಸ್ವಾಮಿ, ಯಂತ್ರ ಹೂಂ ಅಂದಾಗ ಪುರಾವೆ, ಊಹೂಂ ಅಂದಾಗ ಬರೀ ಪ್ರಯೋಗವೇ? ಎಷ್ಟು ಹೂಂ ಕೂಡಿಸಿದರೂ ಸಾಬೀತಾಗದು, ಸುಳ್ಳಾಗಲು ಒಂದೇ ಊಹೂಂ ಸಾಕು ಎಂದು ನಿಮಗೆ ನಾನು ಹೇಳಿಕೊಡಬೇಕೇ? ಎಲ್ಲಿ ನೋಡಬೇಕೆಂದು ಕಂಪ್ಯೂಟರ್ ಬೆರಳು ತೋರಿಸಿತು. ನೋಡಲು ಒಂದು ಪೆನ್ಸಿಲ್ ಸಾಕು. ಆ ಎರಡು ಭಾಗಗಳನ್ನು ಗುಣಿಸಿದರೆ ಅದೇ ಸಂಖ್ಯೆ ಬರುತ್ತದೆ.

ಮೇಷ್ಟ್ರು ಗುಣಿಸಿದರು. ನನ್ನನ್ನು ಪಕ್ಕಕ್ಕೆ ಸರಿಸಿ, ಸೀಮೆಸುಣ್ಣ ಹಿಡಿದು, ಹಲಗೆಯ ತುಂಬ. ಮುಗಿದ ಮೇಲೆ ಕುರ್ಚಿ ಎಳೆದು ಕೂತು, "ಅಯ್ಯೋ, ಸುಳ್ಳನ್ನ ಇಷ್ಟು ಮುದ್ದು ಮಾಡಿ ಸಾಕಿದ್ನಲ್ಲಮ್ಮ!" ಎಂದು ಮನಸಾರೆ ನಕ್ಕರು. ನಿಮಗೂ ತಾವೇ ತಿಳಿಸಿದರು. ನೀವು ಅವರ ಮಗಳಿಗೆ ಫೋನ್ ಮಾಡಿ, "ಸರ್‌ಗೆ ಅರಳುಮರಳು ಅನ್ಸುತ್ತೆ, ಹುಷಾರಾಗಿ ನೋಡ್ಕೊಳ್ಳಿ" ಎಂದಿರಿ. ಗುರುಗಳ ಗೌರವ ಉಳಿಸುವ ಪರಿ ಇದು!

ಪದವಿಯ ಆಸೆಯನ್ನು ನಾನು ಬಿಟ್ಟಾಗಿದೆ. ಆದರೆ ಮೊನ್ನೆ ಮೇಷ್ಟ್ರು ಮಗಳ ಕೈ ಹಿಡಿದು ವಿಭಾಗಕ್ಕೆ ಬಂದಿದ್ದರು. ಆ ಚೌಕಟ್ಟಿನ ಮುಂದೆ ಬಹಳ ಹೊತ್ತು ನಿಂತು ನನ್ನನ್ನು ಕೇಳಿದರು: "ಅವತ್ತು ನಾನು ಗುಣಿಸಿದ್ದು ಸರಿ ಇತ್ತೇನಮ್ಮ? ಎಲ್ರೂ ನನಗೇ ತಲೆ ಕೆಟ್ಟಿದೆ ಅಂತಾರೆ."

"ಸರಿ ಇತ್ತು ಸಾರ್" ಅಂದೆ.

"ನೀನು ನನ್ನ ಸಮಾಧಾನಕ್ಕೆ ಹೇಳ್ತೀಯ" ಎಂದರು.

ನೀವು ಮಾಡುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಪ್ರಬಂಧ ಎಲ್ಲಾದರೂ ಬಿದ್ದಿರಲಿ. ಒಂದು ಪೆನ್ಸಿಲ್ ತೆಗೆದುಕೊಂಡು ಅವರ ಮನೆಗೆ ಹೋಗಿ, ಅವರೆದುರು ಕೂತು, ಆ ಗುಣಾಕಾರವನ್ನು ಒಮ್ಮೆ ಮಾಡಿ. ಉತ್ತರವನ್ನು ಗಟ್ಟಿಯಾಗಿ ಓದಿ ಹೇಳಿ; ಅವರಿಗೆ ಈಗ ಕಿವಿ ಸ್ವಲ್ಪ ಮಂದ.

ಇಂತಿ,
ಸಂಖ್ಯೆಯನ್ನು ಬಿಡಲಾರದೆ ಪದವಿಯನ್ನು ಬಿಟ್ಟ,
ನಿಮ್ಮದೇ ಮೇಷ್ಟ್ರ ಕೊನೆಯ ಶಿಷ್ಯೆ