ಓಡದ ಕರಡಿಗಳನ್ನು ಎಣಿಸುವುದು ಹೇಗೆ?

ಮನೆಪಾಠ ನೋಂದಣಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳು ಇಮ್ಮಿ ನಿಮ್ಮ ಕಚೇರಿಯ ಪ್ಲಾಸ್ಟಿಕ್ ಕರಡಿಗಳನ್ನು ನಿಮಗೆ ಬೇಕಾದ ಹಾಗೆ ಎಣಿಸಲಿಲ್ಲ. ಅದಕ್ಕಾಗಿ ನೀವು ಶಾಲೆಯ ಬದಲು ಮನೆಯಲ್ಲೇ ಕಲಿಯುವ ಅವಳ ಮನೆಪಾಠದ ನೋಂದಣಿಯನ್ನು ತಡೆಹಿಡಿದಿದ್ದೀರಿ. ನಿಮ್ಮ ಪಟ್ಟಿಯಲ್ಲಿರುವ, ಪುಸ್ತಕ ಸಲಕರಣೆ ತುಂಬಿದ ಗಣಿತದ ಪೆಟ್ಟಿಗೆಗಳಲ್ಲಿ ಒಂದನ್ನು ಇಡಿಯಾಗಿ ತರಿಸಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದನ್ನೇ ಕಲಿಸುತ್ತೇವೆಂದು ನಾವು ಒಪ್ಪಬೇಕಂತೆ. ಒಪ್ಪದಿದ್ದರೆ ಈ ಏಳು ವರ್ಷದ ಹುಡುಗಿ ಮುಂದಿನ ಅವಧಿಗೆ ಪಟ್ಟಣದ ಹಾಸ್ಟೆಲ್ ಸೇರಬೇಕು. ಪಟ್ಟಣವೆಂದರೆ ನಮ್ಮ ಕುರಿ ಫಾರ್ಮಿನಿಂದ ಐದು ಗಂಟೆಯ ದಾರಿ, ಅದೂ ತೊರೆಯಲ್ಲಿ ನೀರಿಲ್ಲದಿದ್ದರೆ. ಇದನ್ನೆಲ್ಲ ಖಾಸಗಿಯಾಗಿ ಬರೆದು ನೋಡಿದೆ, ಉತ್ತರ ಬರಲಿಲ್ಲ. ಹಾಗಾಗಿ ಜಿಲ್ಲಾ ವಾರಪತ್ರಿಕೆಯಲ್ಲಿ, ಉಣ್ಣೆಯ ಧಾರಣೆಯ ಪಕ್ಕದಲ್ಲಿ ಬರೆಯುತ್ತಿದ್ದೇನೆ. ಆ ಪುಟವನ್ನು ಈ ಸೀಮೆಯಲ್ಲಿ ಓದದವರಿಲ್ಲ.

ನೀವು ಕಳುಹಿಸಿದ ಪರಿಶೀಲಕಿ ಒಳ್ಳೆಯ ಹೆಂಗಸು. ಅಷ್ಟು ದೂರ ಧೂಳು ಕುಡಿದು ಬಂದರೂ ಮುಖ ಗಂಟಿಕ್ಕಲಿಲ್ಲ. ನನ್ನ ಕುಂಬಳಕಾಯಿ ಸ್ಕೋನ್ ಬನ್ನುಗಳನ್ನು ಹೊಗಳಿ, ಕೇಳಿ ಇನ್ನೊಂದು ಹಾಕಿಸಿಕೊಂಡರು. ಆಮೇಲೆ ಮೇಜಿನ ಮೇಲೆ ಬಣ್ಣಬಣ್ಣದ ಕರಡಿಗಳನ್ನು ಸುರಿದು, "ಎಷ್ಟಿವೆ ಅಂತ ಎಣಿಸ್ತೀಯಾ ಪುಟ್ಟಿ?" ಎಂದರು.

ಇಮ್ಮಿ ಕೈಕಟ್ಟಿ ನಿಂತು ನೋಡಿದಳು. "ಯಾವಾಗ ಬಿಡ್ತೀರಿ?"

"ಏನನ್ನಮ್ಮ?"

"ಕರಡಿಗಳನ್ನ. ಎಲ್ಲಾ ಸುಮ್ನೆ ನಿಂತಿವೆಯಲ್ಲ."

"ಇವು ಓಡಲ್ಲ ಮರಿ."

"ಓಡದೆ ಇದ್ರೆ ಎಣಿಸೋದ್ಯಾಕೆ? ಇಲ್ಲೇ ಇರ್ತಾವಲ್ಲ!"

ಮಾನ್ಯರೇ, ಈ ಪ್ರಶ್ನೆಗೆ ನಿಮ್ಮ ಇಲಾಖೆಯಲ್ಲಿ ಉತ್ತರವಿದೆಯೇ? ಇಮ್ಮಿಯೇ ದಾರಿ ಕಂಡುಕೊಂಡಳು. ಎರಡು ಚಹಾ ಬಟ್ಟಲುಗಳನ್ನು ಎದುರುಬದುರು ಇಟ್ಟು ಗೇಟು ಮಾಡಿದಳು. "ಅಪ್ಪಾ, ಹಿಂದಿನಿಂದ ತಳ್ಳು. ನಿಧಾನ! ಒಂದ್ರ ಮೇಲೊಂದು ಬಿದ್ಬಿಡ್ತಾವೆ" ಎಂದಳು. ಅವಳಪ್ಪ, ಅಂದರೆ ನನ್ನ ಮಗ ಡ್ಯಾರೆಲ್, ಬಾಗಿಲಷ್ಟು ಅಗಲದ ಆಳು. ಮೊಣಕೈಯಿಂದ ಕರಡಿಗಳನ್ನು ತಳ್ಳುತ್ತ, ಯಾರೂ ಕೇಳದಿದ್ದರೂ ನಾಯಿಯಂತೆ ಒಂದೆರಡು ಸಲ ಬೊಗಳಿದ. ಇಮ್ಮಿಯ ಕೈ ಮೂರು ಕರಡಿಗೊಮ್ಮೆ ಸಣ್ಣಗೆ ಆಡುತ್ತಿತ್ತು. ನಡುವೆ ಪರಿಶೀಲಕಿ, "ಈಗ ಹೋಗಿದ್ದು ಯಾವ ಬಣ್ಣದ್ದು ಹೇಳು?" ಎಂದರು. ಇಮ್ಮಿ ತುಟಿ ಬಿಚ್ಚಲಿಲ್ಲ. ಅವರು ಮತ್ತೆ ಕೇಳಿದಾಗ ಡ್ಯಾರೆಲ್ ತುಟಿಯ ಮೇಲೆ ಬೆರಳಿಟ್ಟು, "ಎಣಿಸ್ತಿದಾಳೆ, ಮಾತಾಡಿಸ್ಬೇಡಿ" ಎಂದು ಪಿಸುಗುಟ್ಟಿದ. ಕೊನೆಯ ಕರಡಿ ದಾಟಿದ ಮೇಲೆ ಇಮ್ಮಿ ಹೇಳಿದಳು: "ಮೂವತ್ತೊಂದು. ಆ ಹಸಿರುದು ಕುಂಟ್ತಿದೆ, ಬೇರೆ ಕಟ್ಟಿ."

ಲೆಕ್ಕ ಸರಿಯಿತ್ತು. ಹಸಿರು ಕರಡಿಗೆ ನಿಜವಾಗಿಯೂ ಒಂದು ಕಾಲಿರಲಿಲ್ಲ. ಆದರೆ ವರದಿಯಲ್ಲಿ ಏನಿದೆ? "ಮಗು ಒಂದೊಂದನ್ನೇ ಮುಟ್ಟಿ ಎಣಿಸುವುದಿಲ್ಲ. ಪ್ರಶ್ನೆಗಳಿಗೆ ಸ್ಪಂದಿಸುವುದಿಲ್ಲ. ತಂದೆಯಿಂದ ಅನುಚಿತ ಶಬ್ದ."

ಅನುಚಿತ ಶಬ್ದದ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ನಾನೇ ಅವನಿಗೆ ನಲವತ್ತು ವರ್ಷದಿಂದ ಹೇಳುತ್ತಿದ್ದೇನೆ. ಉಳಿದದ್ದಕ್ಕೆ ಉತ್ತರ ಕೇಳಿ. ನಮ್ಮ ದೊಡ್ಡಿಯ ಗೇಟು ತೆರೆದರೆ ಕುರಿ ಸಾಲಾಗಿ ನಿಂತು ಬೆನ್ನು ತೋರಿಸುವುದಿಲ್ಲ, ನುಗ್ಗುತ್ತದೆ. ಒಂದೊಂದಾಗಿ ಎಣಿಸಹೊರಟವನಿಗೆ ಸಿಗುವುದು ಧೂಳು ಮಾತ್ರ. ಅದಕ್ಕೇ ಇಲ್ಲಿ ಮೂರು ಮೂರಾಗಿ ಕಣ್ಣಿನಲ್ಲಿ ಹಿಡಿಯುತ್ತೇವೆ. ಮೂವತ್ಮೂರು ಮೂರು ದಾಟಿ, ಮೇಲೊಂದು ಬಂದಾಗ ಎಣಿಸುವವರು "ನೂರು!" ಎಂದು ಕೂಗುತ್ತಾರೆ, ಪಕ್ಕದವರು ಒಂದು ಕಲ್ಲನ್ನು ಈ ಜೇಬಿನಿಂದ ಆ ಜೇಬಿಗೆ ಹಾಕುತ್ತಾರೆ. ಎಣಿಸುವವರನ್ನು ಆಗ ಯಾರೂ ಮಾತಾಡಿಸುವಂತಿಲ್ಲ, ಮನೆಗೆ ಬೆಂಕಿ ಬಿದ್ದಿದ್ದರೂ ನೂರಾಗುವವರೆಗೆ ಕಾಯಬೇಕು. ನಮ್ಮ ಮಕ್ಕಳಿಗೆ ಎರಡರ ಮಗ್ಗಿಗಿಂತ ಮೊದಲು ಮೂರರದು ಬರುತ್ತದೆ. ಇದು ದಡ್ಡತನವೋ? ಅಥವಾ ನಿಮ್ಮ ಮೇಜಿನ ಮೇಲೆ ಎಂದೂ ಕುರಿ ನುಗ್ಗಿಲ್ಲವೋ?

ಇನ್ನು ನಿಮ್ಮ ಪೆಟ್ಟಿಗೆಗಳು. ನೋಡದೆ ಬೇಡ ಎಂದವಳಲ್ಲ ನಾನು. ಟಪಾಲು ಲಾರಿಯಲ್ಲಿ ಮೂರು ಮಾದರಿ ತರಿಸಿ, ಇಸ್ತ್ರಿ ಮಾಡುವ ಮೇಜಿನ ಮೇಲೆ ಹರವಿದೆ. ಮೊದಲನೆಯದರಲ್ಲಿ ಪುಟಪುಟಕ್ಕೂ ಪಿಜ್ಜಾ. ಅಂಗಡಿಯಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಆ ಪಿಜ್ಜಾವನ್ನು ಗರಗಸದಿಂದ ಭಾಗ ಮಾಡಬೇಕಾಗುತ್ತದೆ. ಎರಡನೆಯದರಲ್ಲಿ ಒಬ್ಬ ಹೆಂಗಸು ಪರದೆಯ ಮೇಲೆ ಬಂದು ಹಾಡುತ್ತಾಳೆ. ನಮ್ಮ ಇಂಟರ್ನೆಟ್ಟಿನಲ್ಲಿ ಆಕೆ "ಐದು" ಎಂದು ಬಾಯಿ ತೆರೆದವಳು ನಾವು ಚಹಾ ಮುಗಿಸುವವರೆಗೂ ಮುಚ್ಚಲಿಲ್ಲ. ಮೂರನೆಯದರ, ಅಂಕಿಗೆ ತಕ್ಕ ಉದ್ದದ ಬಣ್ಣದ ಕಡ್ಡಿಗಳು ಮಾತ್ರ ಬಲು ಚೆನ್ನ. ಹತ್ತರ ಕಡ್ಡಿಯ ಪಕ್ಕದಲ್ಲಿ ಏಳರದನ್ನೂ ಮೂರರದನ್ನೂ ಜೋಡಿಸಿದ ದಿನ ಇಮ್ಮಿ ಊಟಕ್ಕೂ ಏಳಲಿಲ್ಲ. ಆದರೆ ಅದೇ ಪೆಟ್ಟಿಗೆಯ ಪುಸ್ತಕ ಕೇಳುತ್ತದೆ: ಒಂದು ಕಾರು ಗಂಟೆಗೆ ಅರವತ್ತು ಕಿಲೋಮೀಟರು ಹೋದರೆ, ಮೂವತ್ತು ಕಿಲೋಮೀಟರಿಗೆ ಎಷ್ಟು ಹೊತ್ತು?

"ದಾರೀಲಿ ಗೇಟು ಎಷ್ಟಿವೆ?" ಎಂದಳು ಇಮ್ಮಿ.

"ಗೇಟಿನ ಸುದ್ದಿ ಕೊಟ್ಟಿಲ್ಲ ಕಣೇ."

"ಪಕ್ಕದ ಸೀಟಲ್ಲಿ ಯಾರಾದ್ರೂ ಇದಾರಾ? ಇಲ್ದಿದ್ರೆ ಓಡಿಸೋರೇ ಇಳಿದು ತೆಗೀಬೇಕು, ಹತ್ತಬೇಕು, ದಾಟಬೇಕು, ಮತ್ತೆ ಇಳಿದು ಹಾಕ್ಬೇಕು."

"ಗೇಟೇ ಇಲ್ಲ ಅಂದ್ಕೋ."

ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು. "ಹಂಗಾದ್ರೆ ಕುರಿಗಳೆಲ್ಲಾ ಎಲ್ಲಿಗೆ ಹೋದ್ವು ಅಜ್ಜಿ?"

ಹಾಗೆಂದು ನಮ್ಮಲ್ಲಿ ಕೊರತೆಯೇ ಇಲ್ಲವೆಂದು ಎದೆ ತಟ್ಟಿಕೊಳ್ಳುವುದಿಲ್ಲ. ನಿಮ್ಮ ಪರಿಶೀಲಕಿ ಒಂದು ಕಡೆ ಸರಿಯಾಗಿಯೇ ಹಿಡಿದಿದ್ದಾರೆ. ನಲವತ್ತೆರಡರಲ್ಲಿ ಹದಿನೇಳು ಕಳೆ ಎಂದರೆ ಇಮ್ಮಿ ನಯವಾಗಿ ನಕ್ಕು, ಕೊಟ್ಟಿಗೆಯಲ್ಲಿ ಕಂಡ ನೀಲಿ ನಾಲಿಗೆಯ ಓತಿಯ ಕಥೆ ಶುರುಮಾಡುತ್ತಾಳೆ. ದಶಕ ಎರವಲು ತರುವುದು ಅವಳಿಗೆ ಬಾರದು. ಬರುವ ಕುರಿಯನ್ನು ಎಣಿಸಿ ಬೆಳೆದವಳಿಗೆ ಹೋದದ್ದರ ಲೆಕ್ಕ ಕಷ್ಟ. ಅದಕ್ಕೆ ಪಿಜ್ಜಾ ಪೆಟ್ಟಿಗೆಯದೇ ಕಳೆಯುವ ಪಾಠ ಎಲ್ಲಕ್ಕಿಂತ ಚೆನ್ನಾಗಿದೆ, ಅದನ್ನೇ ಹಿಡಿದು ದಿನಾ ಬೆಳಿಗ್ಗೆ ಇಬ್ಬರೂ ಕೂರುತ್ತೇವೆ. ಕಡ್ಡಿ ಒಂದು ಕಡೆಯದು, ಕಳೆಯುವುದು ಇನ್ನೊಂದು ಕಡೆಯದು, ಮಗ್ಗಿ ದೊಡ್ಡಿಯದು. ಅಡುಗೆಗೆ ಉಪ್ಪು, ಹಿಟ್ಟು, ಸಕ್ಕರೆ ಮೂರನ್ನೂ ಒಂದೇ ಚೀಲದಿಂದ ತೆಗೆಯಬೇಕೆಂದು ನೀವು ನಿಮ್ಮ ಮನೆಯಲ್ಲಿ ಹಟ ಹಿಡಿಯುತ್ತೀರಾ? ಮತ್ತೆ ಪೆಟ್ಟಿಗೆಯ ವಿಷಯದಲ್ಲಿ ಈ ಹಟ ಯಾಕೆ?

ಹೋದ ವಾರ ಸೊಸೆ ಹಾಸ್ಟೆಲಿನ ಹೊದಿಕೆಗಳಿಗೆ ಇಮ್ಮಿಯ ಹೆಸರಿನ ಪಟ್ಟಿ ಹೊಲಿಯುತ್ತಿದ್ದಳು. ಇಮ್ಮಿ ಪಕ್ಕದಲ್ಲಿ ಕೂತು ನೋಡುತ್ತಿದ್ದವಳು ಕೇಳಿದಳು: "ಅಲ್ಲಿ ಸಂಜೆ ಎಲ್ರೂ ಒಳಗೆ ಬರುವಾಗ ಯಾರಮ್ಮ ಎಣಿಸೋದು?"

"ವಾರ್ಡನ್ ಇರ್ತಾರೆ ಕಂದ."

"ಒಬ್ರು ಕಮ್ಮಿ ಬಂದ್ರೆ ಹುಡುಕ್ಕೊಂಡು ಹೋಗ್ತಾರಾ?"

ಸೊಸೆ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಎದ್ದುಹೋದಳು. ನಾನು ಅದರ ಉತ್ತರವನ್ನು ನಿಮ್ಮ ಮೂರೂ ಪೆಟ್ಟಿಗೆಗಳ ಹಿಂಬದಿಯ ಉತ್ತರಗಳ ಪುಟದಲ್ಲಿ ಹುಡುಕಿದೆ. ಅಲ್ಲೂ ಇಲ್ಲ.

ನಮ್ಮ ಕಡೆ ಎಣಿಸುವುದು ಯಾರು ಮನೆಗೆ ಬಂದಿಲ್ಲ ಎಂದು ತಿಳಿಯಲಿಕ್ಕೆ. ಅಷ್ಟು ಗಣಿತ ಈ ಹುಡುಗಿಗೆ ಬಂದಿದೆ, ಉಳಿದದ್ದು ಬರುತ್ತಿದೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಇಡೀ ಪೆಟ್ಟಿಗೆಯ ನಿಯಮವನ್ನು ಕೈಬಿಡಿ, ಬೇಕಾದ ಪಾಠವನ್ನು ಬೇಕಾದ ಕಡೆಯಿಂದ ಆರಿಸಿಕೊಳ್ಳಲು ಬಿಡಿ, ಈ ಅವಧಿ ಮುಗಿಯುವ ಮುಂಚೆ ನೋಂದಣಿಯನ್ನು ಊರ್ಜಿತಗೊಳಿಸಿ. ಆಗುವುದಿಲ್ಲವೆಂದಾದರೆ ಅಂಚೆಯಲ್ಲಿ ತಿಳಿಸಬೇಡಿ. ತಾವೇ ಇಲ್ಲಿಗೆ ಬಂದು, ಇಮ್ಮಿಯನ್ನು ಎದುರಿಗೆ ಕೂರಿಸಿಕೊಂಡು, ಅವಳಿಗೇ ಹೇಳಿ.

ಇಂತಿ,
ಅರವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಎರಡನೇ ತರಗತಿಗೆ ಸೇರಿ, ಎರವಲು ತರುವ ಲೆಕ್ಕದಲ್ಲಿ ಮೊಮ್ಮಗಳಷ್ಟೇ ಹಿಂದಿರುವ,
ನೊಯೆಲೀನ್ ಪಾಸ್ಕೋ